ಮೀಟರ್ ಸಾಹೇಬರೇ, ತಂಪಿನ ಲೆಕ್ಕ ತಾವೊಬ್ಬರೇ ಹೇಳಬೇಡಿ

ಬನಹಟ್ಟಿಯ ಗಿರಮಲ್ಲಪ್ಪ ಸಾಹುಕಾರರ ಕಲ್ಯಾಣ ಮಂಟಪದ ಹಿಂಬದಿ, ಮಷಿನ್ ಕೋಣೆಯ ದಪ್ಪ ಪೈಪಿನ ಮೇಲೆ ಹಗಲಿರುಳೂ ಹಸಿರು ದೀಪ ಬೆಳಗಿಸಿಕೊಂಡು ವಿರಾಜಮಾನರಾಗಿರುವ ನೀರಿನ ಮೀಟರ್ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವಾಗಿದ್ದೀರಿ ಎಂಬುದು ತಮ್ಮ ದೀಪ ನೋಡಿಯೇ ತಿಳಿಯಿತು. ಇತ್ತ ನಾವು ಬೆವರುತ್ತಿದ್ದೇವೆ ಎಂಬುದನ್ನು ತಮಗೆ ತಿಳಿಸಲು ಯಾರೂ ಇಲ್ಲದ್ದರಿಂದ ಈ ಪತ್ರ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ತಾವು ಜನ್ಮದಲ್ಲಿ ಒಂದೇ ಒಂದು ಸುಳ್ಳು ಹೇಳಿದವರಲ್ಲ. ನಿಮಿಷಕ್ಕೆ ಎಷ್ಟು ಲೀಟರ್ ತಣ್ಣೀರು ತಮ್ಮ ಹೊಟ್ಟೆಯೊಳಗಿಂದ ಹಾದುಹೋಯಿತೋ ಅಷ್ಟನ್ನೇ ಹೇಳುತ್ತೀರಿ. ತಮ್ಮ ಮೇಲಿನ ದೂರು ಅದೇ. ಅಷ್ಟು ಖರೆ ಹೇಳಿ ಸುಮ್ಮನೆ ಕುಳಿತಿರಿ; ಆ ಅರ್ಧ ಖರೆಯಿಂದ ನಮ್ಮ ಪರಮಾನಂದ ಕಾಕಾನ ನೌಕರಿಗೆ ಕುತ್ತು ಬಂತು.

ತಮಗೆ ಗೊತ್ತಿರುವ ಸಂಗತಿಯನ್ನೇ ಓದುಗರ ಸಲುವಾಗಿ ಹೇಳುತ್ತೇನೆ, ಬೇಸರಿಸಬಾರದು. ಚಿಲ್ಲರ್ ಎಂಬ ಮಷಿನ್ ನೀರನ್ನು ತಣ್ಣಗೆ ಮಾಡುತ್ತದೆ, ಪಂಪು ಆ ನೀರನ್ನು ಮಂಟಪಕ್ಕೆ ತಳ್ಳುತ್ತದೆ, ನೀರು ಅಲ್ಲಿಯ ಸೆಕೆಯನ್ನು ಹೊತ್ತುಕೊಂಡು ತುಸು ಬೆಚ್ಚಗಾಗಿ ಮರಳಿ ಬರುತ್ತದೆ. ನಮ್ಮ ಚಿಮ್ಮಡದ ಪರಮಾನಂದ ಕಾಕಾ ನಾಲ್ಕು ವರ್ಷದಿಂದ ಇದನ್ನೆಲ್ಲ ನೋಡಿಕೊಳ್ಳುತ್ತಿದ್ದಾನೆ. ಕಳೆದ ವರ್ಷ ಅಡಿಗೆಮನೆಯ ನಡುಗೋಡೆ ಒಡೆಸಿ ಊಟದ ಹಾಲನ್ನೂ ಮಂಟಪಕ್ಕೆ ಸೇರಿಸಿಕೊಂಡ ಮೇಲೆ ಬೀಗರು ಪಂಕ್ತಿಯಲ್ಲಿ ಕುಳಿತು ಆಮಂತ್ರಣ ಪತ್ರಿಕೆಯಿಂದಲೇ ಗಾಳಿ ಹಾಕಿಕೊಳ್ಳತೊಡಗಿದರು. ಸಾಹುಕಾರರು ಕಬ್ಬಿನ ಒಕ್ಕಲುತನದವರು, ಬೋರಿನ ನೀರನ್ನು ಇಂಚಿನ ಲೆಕ್ಕದಲ್ಲಿ ನೋಡಿ ಬೆಳೆದವರು. ಹೊಲ ಒಣಗಿದರೆ ನೀರು ಹೆಚ್ಚು ಬಿಡಬೇಕು. ಮಂಟಪ ಕಾದರೂ ಅದೇ ಮದ್ದು ಎಂದು ತಿಳಿದು ಇಮ್ಮಡಿ ತಾಕತ್ತಿನ ಪಂಪು ತಂದು ಕೂಡಿಸಿದರು. ಐದು ನೂರು ಲೀಟರ್ ತೋರಿಸುತ್ತಿದ್ದ ತಾವು ಒಮ್ಮೆಲೇ ಸಾವಿರ ತೋರಿಸಿದಿರಿ. ಸಾಹುಕಾರರು ತಮಗೆ ಕೈಮುಗಿಯುವುದೊಂದು ಬಾಕಿ ಉಳಿಯಿತು.

ಮಂಟಪ ಮಾತ್ರ ಮೊದಲಿನಂತೆಯೇ ಕಾಯಿತು. ಆಗ ಅವರು ತಮ್ಮನ್ನು ಸಂಶಯಿಸಲಿಲ್ಲ, ಕಾಕಾನನ್ನು ಸಂಶಯಿಸಿದರು. "ಡಬಲ್ ನೀರು ಓಡಾಕತ್ತೈತಿ, ಥಂಡಿ ಎಲ್ಲಿ ಹೊಂಟೈತಿ? ಕುಂತ ಕುರ್ಚ್ಯಾಗ ನಿದ್ದಿ ಹೊಡೀತಿ ಏನ್ ನೀ? ಬರೋ ರವಿವಾರ ನಮ್ಮ ಮಗಳು ಉಜ್ವಲಾನ ಲಗ್ನ ಆತಂದ್ರ ಜಮಖಂಡಿಯಿಂದ ಬ್ಯಾರೆ ಮನಿಷ್ಯಾ ಬರ್ತಾನ, ನೀ ನಿನ್ನ ದಾರಿ ನೋಡ್ಕೋ" ಎಂದರು. ತಮ್ಮ ಎದುರಿಗೇ ನಡೆದ ಮಾತಿದು. ಆ ಹೊತ್ತಿನಲ್ಲಿಯೂ ತಾವು ಸಾವಿರ, ಸಾವಿರ ಎಂದು ಮಿನುಗುತ್ತಲೇ ಇದ್ದಿರಲ್ಲ, ತಮ್ಮ ಸ್ಥಿತಪ್ರಜ್ಞತೆಗೆ ನಮೋ ನಮಃ.

ತಮ್ಮ ಬಗಲಲ್ಲಿಯೇ ಎರಡು ಬಡ ಥರ್ಮಾಮೀಟರುಗಳಿವೆ, ಒಂದು ಹೋಗುವ ನೀರಿಗೆ, ಇನ್ನೊಂದು ಮರಳುವ ನೀರಿಗೆ. ಅವು ಬಾಯಿ ಬಿಡುವ ಹಾಗಿರಲಿಲ್ಲ. ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ದಿನ ಸಾಹುಕಾರರ ತಾಯಿ ಶಂಕ್ರೆವ್ವನವರು ಮಷಿನಿನ ಗುಂಡನೆಯ ಮುಖಗಳಿಗೆಲ್ಲ ಮೂರು ಬೆರಳಿನ ದಪ್ಪ ವಿಭೂತಿ ಬಳಿದಿದ್ದರು. ತಮ್ಮತ್ತ ಕೈ ಚಾಚಿದಾಗ ಮಗ, "ಅದಕ್ಕ ಹಚ್ಚಬ್ಯಾಡ ಬೇ ಯವ್ವಾ, ಕರೆಂಟ್ ಹೊಡೀತೈತಿ" ಎಂದು ತಡೆದರಂತೆ. ಹೀಗೆ ತಾವೊಬ್ಬರು ಕಣ್ತೆರೆದು ಉಳಿದಿರಿ. ಆ ವಿಭೂತಿ ಒರೆಸಲು ಕಾಕಾನಿಗೂ ಧೈರ್ಯವಾಗಲಿಲ್ಲ, ಡಿಪ್ಲೊಮಾ ಓದುತ್ತಿರುವ ನನಗೂ ಆಗಲಿಲ್ಲ.

ಮೊನ್ನೆ ಗುರುವಾರ ಬೀಳಗಿಯವರ ಲಗ್ನ, ಮಂಟಪ ತುಂಬಿತ್ತು. ನಾನು ಹೋಗಿ ಶಂಕ್ರೆವ್ವನವರನ್ನೇ ಕರೆತಂದೆ. ವಿಷಯ ಕೇಳಿದವರೇ, "ಹಚ್ಚಿದಾಕಿ ನಾ, ಒರಸಾಕಿನೂ ನಾನ. ಅದಕ್ಕೂ ಕಣ್ಣು ಕಾಣಬ್ಯಾಡೇನು?" ಎಂದು ಸೆರಗಿನಿಂದ ಉಜ್ಜಿಬಿಟ್ಟರು. ಹೋಗುವ ನೀರು ಒಂಬತ್ತು ಡಿಗ್ರಿ, ಮರಳುವ ನೀರು ಹನ್ನೊಂದೂವರೆ. ಅಂತರ ಎರಡೂವರೆ. ಹಳೆಯ ಪಂಪು ಇದ್ದಾಗ ಈ ಅಂತರ ಐದು ಇರುತ್ತಿತ್ತೆಂದು ಕಾಕಾನಿಗೆ ಬಾಯಿಪಾಠ.

ಲೆಕ್ಕ ಇಷ್ಟೇ, ಸಾಹೇಬರೇ: ನಿಮಿಷದ ಲೀಟರನ್ನು ಡಿಗ್ರಿಯ ಅಂತರದಿಂದ ಗುಣಿಸಿ, ಹೆಚ್ಚುಕಡಿಮೆ ಐವತ್ತರಿಂದ ಭಾಗಿಸಿದರೆ ಎಷ್ಟು ಟನ್ ತಂಪು ಎಂಬುದು ಬರುತ್ತದೆ. ಅಂದು ಐದು ನೂರು ಗುಣಿಸು ಐದು. ಇಂದು ಸಾವಿರ ಗುಣಿಸು ಎರಡೂವರೆ. ಅಂದೂ ಐವತ್ತು ಟನ್, ಇಂದೂ ಐವತ್ತು ಟನ್. ಚಿಲ್ಲರಿನ ಮೈಮೇಲಿನ ತಗಡಿನಲ್ಲಿ ಕೆತ್ತಿರುವುದೂ ಐವತ್ತೇ. ಮಷಿನ್ ತನ್ನ ಕೈಲಾದದ್ದನ್ನೆಲ್ಲ ಕೊಡುತ್ತಿತ್ತು, ಕಾಕಾ ಒಂದು ಚಮಚ ಥಂಡಿಯನ್ನೂ ಮನೆಗೆ ಒಯ್ದಿರಲಿಲ್ಲ. ಊಟದ ಹಾಲು, ಅಡಿಗೆಮನೆ ಸೇರಿ ಸೆಕೆ ಹೆಚ್ಚಿತ್ತು, ಚಿಲ್ಲರ್ ಮಾತ್ರ ಅದೇ ಇತ್ತು.

ಇದನ್ನು ಹೇಳಿದಾಗ ಸಾಹುಕಾರರು, "ನಿನ್ನ ಸಾಲಿ ಲೆಕ್ಕ ನಿನ್ನ ಹಂತೇಕನ ಇರ್ಲಿ" ಎಂದರು. ಹಾಗಾದರೆ ಫ್ಯಾಕ್ಟರಿಯ ಕಾಟಾದಲ್ಲಿ ಕಬ್ಬನ್ನು ಹೇಗೆ ತೂಗುತ್ತಾರೆ ಎಂದು ವಿನಯದಿಂದ ಕೇಳಿದೆ. "ತುಂಬಿದ ಗಾಡಿ ತೂಗ್ತಾರ, ಖಾಲಿ ಗಾಡಿ ತೂಗ್ತಾರ, ಕಳದದ್ದು ಕಬ್ಬು. ಅಷ್ಟೂ ತಿಳಿಯೂದಿಲ್ಲೇನಲೇ?" ಎಂದರು. ಅರ್ಧರ್ಧ ಗಾಡಿ ತುಂಬಿ ಎರಡು ಪಟ್ಟು ಟ್ರಿಪ್ ಹೊಡೆದರೆ ಕಬ್ಬು ಹೆಚ್ಚುತ್ತದೆಯೇ ಎಂದೆ. "ಹುಚ್ಚ ಅದಿಯೇನ್? ಡೀಸೆಲ್ ದಂಡ, ಕಬ್ಬು ಅಷ್ಟ..." ಎಂದವರು ಅಲ್ಲಿಗೇ ನಿಂತರು. ಥರ್ಮಾಮೀಟರುಗಳನ್ನು ನೋಡಿದರು, ಹೊಸ ಪಂಪನ್ನು ನೋಡಿದರು, ಕೊನೆಗೆ ತಮ್ಮನ್ನೂ ನೋಡಿದರು. ಆ ನೋಟ ತಮಗೆ ನೆನಪಿರಬಹುದು.

ಆದಕಾರಣ ಕೆಲವು ನಮ್ರ ಬೇಡಿಕೆಗಳಿವೆ. ಮುಂದೆ ಯಾರಾದರೂ ತಮ್ಮ ಮುಂದೆ ನಿಂತು ತಲೆದೂಗಿದರೆ ತಾವು ಒಮ್ಮೆ ಕೆಮ್ಮಿ, 'ನಾನು ಬರೀ ಟ್ರಿಪ್ ಎಣಿಸುವವನು, ತೂಕ ಆ ಇಬ್ಬರನ್ನು ಕೇಳಿ' ಎನ್ನಬೇಕು. ಅದು ಆಗದಿದ್ದರೆ ತಮ್ಮ ಹಸಿರು ದೀಪವನ್ನು ಆ ಥರ್ಮಾಮೀಟರುಗಳಿಗೆ ದಿನಕ್ಕೆ ಒಂದು ತಾಸು ಕೈಗಡ ಕೊಡಬೇಕು. ಅದೂ ಆಗದಿದ್ದರೆ ರವಿವಾರ ಪೈಪಿನಿಂದ ಇಳಿದು ಬಂದು, ಬೀಗರ ಸಮಕ್ಷಮ ಕಾಕಾನಿಗೆ ಶಾಲು ಹೊದಿಸಬೇಕು.

ಸಾಹುಕಾರರಂತೂ ತಮ್ಮ ಪಾಲಿನದನ್ನು ಮಾಡಿದ್ದಾರೆ. ಪಂಕ್ತಿಯನ್ನು ಹೊರಗಿನ ಪೆಂಡಾಲಿಗೆ ಹಾಕಿಸಿ, ಅಡಿಗೆಮನೆಗೆ ಅಡ್ಡ ಪ್ಲೈವುಡ್ ಹೊಡೆಸಿದ್ದಾರೆ. ಜಮಖಂಡಿಯ ಮನುಷ್ಯನಿಗೆ ಬರುವುದು ಬೇಡವೆಂದು ಫೋನ್ ಹೋಯಿತು. ಕಾಕಾನಿಗೆ ತಪ್ಪಾಯಿತು ಎಂದು ಅವರೇನೂ ಹೇಳಲಿಲ್ಲ. ಮಷಿನ್ ಕೋಣೆಯ ಬಾಗಿಲಲ್ಲಿ ನಿಂತು, ಎರಡು ಕಪ್ ಚಹಾವನ್ನು ಸ್ವತಃ ಕೈಯಲ್ಲಿ ಹಿಡಿದುಕೊಂಡು, "ಪರಮಾ, ಹೊರಗ ಬಾ, ಆರಿ ಹೋಗಾಕತ್ತೈತಿ" ಎಂದರು.

ತಾವು ಎಷ್ಟು ಲೀಟರ್ ತೋರಿಸಿದರೂ ಇನ್ನು ಮುಂದೆ ಅದರ ಅರ್ಧಕ್ಕೆ ಮಾತ್ರ ಬೆರಗಾಗುವ,
ತಮ್ಮ ವಿಶ್ವಾಸಿ,
ಯಲ್ಲಾಲಿಂಗ, ಚಿಮ್ಮಡ

ತಾ.ಕ.: ಮುಧೋಳದಲ್ಲಿ ಹೊಸ ಮಂಟಪ ಕಟ್ಟಿಸುತ್ತಿರುವ ಮಹನೀಯರೊಬ್ಬರು ನಿನ್ನೆ ಬಂದು, ಎಲ್ಲವನ್ನೂ ಬಿಟ್ಟು ತಮ್ಮೊಂದಿಗೆ ಸೆಲ್ಫಿ ತೆಗೆದುಕೊಂಡು, "ಇದಕಿಂತ ದೊಡ್ಡದು ಸಿಗತೈತೇನ್ರಿ?" ಎಂದು ವಿಚಾರಿಸಿ ಹೋಗಿದ್ದಾರೆ. ತಮ್ಮ ವಂಶ ಬೆಳೆಯುವ ಲಕ್ಷಣವಿದೆ, ಅಭಿನಂದನೆಗಳು. ಅಲ್ಲಿ ಲಗ್ನವಾಗುವವರಿಗೆ ಬೀಸಣಿಗೆ ತರಲು ನಾನು ಈಗಲೇ ಹೇಳಿಡುತ್ತೇನೆ.