ಹಲಸೂರಿನಲ್ಲಿ ಕಂಡ ಮಣ್ಣಿನ ತಲೆ

ಕಲೆಯ ವಿಷಯದಲ್ಲಿ ನಾನು ಶುದ್ಧ ಅಜ್ಞಾನಿ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಐವತ್ತೇಳು ವರ್ಷದಲ್ಲಿ ಒಂದೇ ಒಂದು ಚಿತ್ರಪ್ರದರ್ಶನಕ್ಕೆ ಹೋಗಿದ್ದೆ, ಅದೂ ಹೊರಗೆ ಮಳೆ ಬಂತೆಂದು. ಮೊಬೈಲು ಕೈಗೆ ಬಂದ ಮೇಲೆ ಮಾತ್ರ ನಾನೂ ರಸಿಕನಾದೆ. ಒಬ್ಬರು ಅರಳಿ ಎಲೆ ಕೊರೆದು ನವಿಲು ಮಾಡುತ್ತಾರೆ, ಇನ್ನೊಬ್ಬರು ಸೀಮೆಸುಣ್ಣದ ತುದಿಯಲ್ಲಿ ಆನೆ ಕೆತ್ತುತ್ತಾರೆ. ಒಬ್ಬರನ್ನು ಮೆಚ್ಚಿದರೆ ಸಾಕು, ಮೊಬೈಲು ಇನ್ನೂ ಹತ್ತು ಮಂದಿಯನ್ನು ಕರೆತಂದು ಮುಂದೆ ನಿಲ್ಲಿಸುತ್ತದೆ. ಒಲೆಯ ಮೇಲೆ ಸಾರು ಉಕ್ಕಿದರೂ ನನಗೆ ಕಾಣುತ್ತಿರಲಿಲ್ಲ. "ಕಲೆ ಆಮೇಲೆ ನೋಡಿ, ಮೊದಲು ಗ್ಯಾಸ್ ಆರ್ಸಿ" ಎನ್ನುತ್ತಿದ್ದಳು ಹೆಂಡತಿ ಗಿರಿಜಾ.

ಹೀಗಿರುವಾಗ ಒಂದು ಭಾನುವಾರ ಬೆಳಗ್ಗೆ ಹಲಸೂರಿನ ಸೆಲ್ವಿ ಎಂಬ ಶಿಲ್ಪಿಯ ಪುಟ ಸಿಕ್ಕಿತು. ಜೇಡಿಮಣ್ಣಿನಲ್ಲಿ ಮಾಡಿದ ಅಂಗೈಯಗಲದ ತಲೆಗಳು. ಹೂ ಮಾರುವವಳು, ಕಂಡಕ್ಟರು, ಬುರ್ಖಾ ತೊಟ್ಟ ಮುದುಕಿ. ಬೆರಳಿನಿಂದ ಸರಿಸುತ್ತಿದ್ದವನು ಒಂದರ ಮುಂದೆ ನಿಂತುಬಿಟ್ಟೆ. ಅದು ನನ್ನ ಅಣ್ಣ. ಅದೇ ಬೋಳು ಹಣೆ, ಒಂದು ಪಕ್ಕಕ್ಕೆ ವಾಲಿದ ಬಾಯಿ, ಚಿಕ್ಕಂದಿನಲ್ಲಿ ಸೈಕಲ್ಲಿನಿಂದ ಬಿದ್ದು ಸೀಳಿದ ಎಡಗಿವಿ. ಕಣ್ಣುಗಳು ಮುಚ್ಚಿದ್ದವು. ಅಣ್ಣ ತೀರಿಹೋಗಿ ನಾಲ್ಕು ವರ್ಷ. ಕೊನೆಯ ಸಲ ನಾನು ಅವನನ್ನು ನೋಡಿದ್ದೂ ಹಾಗೆಯೇ. ಮೊಬೈಲಿನ ಗಾಜಿನ ಮೇಲೆ ಹನಿ ಬಿದ್ದಾಗಲೇ ನಾನು ಅಳುತ್ತಿದ್ದೇನೆಂದು ತಿಳಿದದ್ದು. ಗಿರಿಜಾ ಹಿಂದಿನಿಂದ ಬಗ್ಗಿ ನೋಡಿ ಒಳಗೆ ಹೋದಳು.

ಮೆಚ್ಚುಗೆ ಒತ್ತಿ, ಈ ವ್ಯಕ್ತಿ ಯಾರೆಂದು ಸೆಲ್ವಿಗೆ ಬರೆದು ಕೇಳಿದೆ. ಉತ್ತರ ಬಂತು: "ಹೆಸರು ಗೊತ್ತಿಲ್ಲ ಸಾರ್. ದಿನಾ ಬೆಳಗ್ಗೆ ನಾನು ಹತ್ತೋ ಟಿನ್ ಫ್ಯಾಕ್ಟರಿ ಬಸ್ಸಲ್ಲಿ ಬರ್ತಾರೆ. ಮೊನ್ನೆ ಶುಕ್ರವಾರನೂ ಇದ್ರು."

ಶುಕ್ರವಾರ. ನನ್ನ ಬೆನ್ನಿನ ಮೇಲೆ ಯಾರೋ ತಣ್ಣನೆಯ ಕೈ ಇಟ್ಟಂತಾಯಿತು. ನಾನೂ ದಿನವೂ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಹತ್ತಿ ಶಿವಾಜಿನಗರದ ಆಫೀಸಿಗೆ ಹೋಗುವವನು. ಅಂದರೆ ಅಣ್ಣ ನನ್ನ ಬಸ್ಸಿನಲ್ಲೇ ಬರುತ್ತಿದ್ದ. ಆ ವಾರವೆಲ್ಲ ಪಕ್ಕದ ಸೀಟು ಖಾಲಿಯಿದ್ದರೂ ಭಯ, ಯಾರಾದರೂ ಕೂತರೂ ಭಯ.

ಶನಿವಾರ ಸೆಲ್ವಿಯ ವಿಳಾಸ ಕೇಳಿಕೊಂಡು ಹಲಸೂರಿಗೆ ಹೋದೆ. ಕಿರಿದಾದ ಮೆಟ್ಟಿಲು, ಒದ್ದೆ ಮಣ್ಣಿನ ವಾಸನೆ. ಬಾಗಿಲು ತೆರೆದ ಹುಡುಗಿ ನನ್ನನ್ನು ಕಂಡದ್ದೇ ಎರಡು ಹೆಜ್ಜೆ ಹಿಂದೆ ಸರಿದಳು. ಒಳಗಿನ ಹಲಗೆಯ ಮೇಲೆ ಅಣ್ಣನ ತಲೆಗಳು ಏಳು, ಎಲ್ಲವೂ ಕಣ್ಣು ಮುಚ್ಚಿಕೊಂಡು ನನ್ನ ಕಡೆಗೇ ತಿರುಗಿದ್ದವು.

"ಕೇಳ್ದೆ ಮಾಡ್ಬಿಟ್ಟೆ, ಬೇಜಾರಾಯ್ತಾ ಸಾರ್?" ಎಂದಳು ಸೆಲ್ವಿ.

"ನನಗ್ಯಾಕಮ್ಮ ಬೇಜಾರು?"

"ನೀವೇ ಅಲ್ವಾ ಸಾರ್ ಅದು?"

ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡೆ. ನನ್ನ ಹಣೆ ಯಾವಾಗ ಇಷ್ಟು ಬೋಳಾಯಿತೋ, ಬಾಯಿ ಯಾವಾಗ ವಾಲಿತೋ.

"ಕಣ್ಣು ಯಾಕಮ್ಮ ಮುಚ್ಚಿದೀಯ?"

"ಈ ವಾರ ಬಿಟ್ರೆ ನೀವು ಬಸ್ಸಲ್ಲಿ ಒಂದಿನಾನೂ ತೆಗೆದಿಲ್ಲ ಸಾರ್. ಗೊರಕೆ ಬೇರೆ."

"ಮತ್ತೆ ಕಿವಿ?" ನನ್ನ ಕಿವಿಗಳು ನೆಟ್ಟಗಿದ್ದವು.

ಅವಳು ಏಳರಲ್ಲಿ ಕಿವಿ ಸೀಳಿದ್ದ ತಲೆಯನ್ನು ಎತ್ತಿ ಬೆಳಕಿಗೆ ಹಿಡಿದಳು. "ನಾನು ಸೀಳಿಲ್ಲ ಸಾರ್. ಒಣಗುವಾಗ ತಾನಾಗೇ ಬಿರುಕು ಬಿಡ್ತು. ಇದೊಂದೇ."

ಮನೆಗೆ ಬಂದು ಗಿರಿಜಾಗೆ ಎಲ್ಲ ಹೇಳಿದೆ. "ನಿಮ್ಮದೇ ಮುಖ ಅಂತ ನನಗೆ ಅವತ್ತೇ ಗೊತ್ತಾಯ್ತು" ಎಂದಳು.

"ಹೇಳಬಾರದಿತ್ತೇನೇ?"

"ಭಾವ ಹೋದಾಗ ಒಂದು ಹನಿ ಹಾಕ್ಲಿಲ್ಲ ನೀವು. ಶಾಮಿಯಾನ, ಐಸ್ ಬಾಕ್ಸು ಅಂತ ಓಡಾಡಿದ್ರಿ. ಅಂತೂ ಅಳ್ತಿದೀರಲ್ಲ, ಯಾಕೆ ತಡೀಲಿ ಅಂತ ಸುಮ್ನಿದ್ದೆ."

ಎದ್ದು ಹೋಗಿ ಮತ್ತೊಮ್ಮೆ ಸೆಲ್ವಿಯ ಪುಟ ತೆರೆದೆ. ಹೂವಿನವಳಿಗೆ, ಕಂಡಕ್ಟರಿಗೆ ಮೆಚ್ಚುಗೆಗಳ ರಾಶಿಯೇ ಬಿದ್ದಿತ್ತು. ನನ್ನ ಮುಖವನ್ನು ಮೆಚ್ಚಿದವರು ಅಂದಿನವರೆಗೆ ಒಬ್ಬರೇ, ಅದೂ ಬೇರೆಯವರೆಂದು ತಿಳಿದು.