ಅತ್ತೆಯವರ ಕಾಲಡಿಯ ತೇವ

ಸೂಲಿಬೆಲೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಚಲಪತಿ ಮೇಷ್ಟರ ಕಾರು ಇಪ್ಪತ್ತೆರಡು ವರ್ಷ ಹಳೆಯದು. ಅದು ಪೆಟ್ರೋಲು ಕುಡಿಯುವುದರ ಬಗ್ಗೆ ಅವರಿಗೆ ತಕರಾರಿರಲಿಲ್ಲ. ಆ ಡಿಸೆಂಬರಿನಲ್ಲಿ ಅದು ನೀರು ಕುಡಿಯಲು ಶುರುಮಾಡಿದ್ದೇ ಅವರಿಗೆ ಅರ್ಥವಾಗದ ಸಂಗತಿ. ಇಂಜಿನ್ ತಣ್ಣಗಿಡಲು ಸೋಮವಾರ ತುಂಬಿದ ಕೂಲೆಂಟ್ ಡಬ್ಬಿ ಬುಧವಾರ ನೋಡಿದರೆ ಅರ್ಧ. ಕಾರಿನಡಿ ಚಾಪೆ ಹಾಸಿಕೊಂಡು ಮಲಗಿ ಹುಡುಕಿದರೂ ಒಂದು ತೊಟ್ಟು ಸೋರಿದ ಗುರುತಿಲ್ಲ. ದ್ರವ್ಯ ನಾಶವಾಗುವುದಿಲ್ಲ ಎಂದು ವರ್ಷವರ್ಷವೂ ಪಾಠ ಮಾಡುವವರ ಮನೆ ಬಾಗಿಲಲ್ಲೇ ದ್ರವ್ಯ ನಾಶವಾಗುತ್ತಿತ್ತು. ಮೇಷ್ಟರು ಚೊಂಬಿನಲ್ಲಿ ನಲ್ಲಿ ನೀರು ತಂದು ಸುರಿದು, ಬಾನೆಟ್ ಮುಚ್ಚಿ, ಆ ವಿಷಯವನ್ನು ಮರೆತುಬಿಡುತ್ತಿದ್ದರು.

ಮರೆಯಲು ಇನ್ನೊಂದು ಕಾರಣವೂ ಇತ್ತು. ಅತ್ತೆ ಅನುಸೂಯಮ್ಮನವರು ಮಂಡಿ ನೋವೆಂದು ನಂದಗುಡಿಯಿಂದ ಬಂದಿದ್ದರು. ವಾರಕ್ಕೆ ಮೂರು ದಿನ ಹೊಸಕೋಟೆಗೆ ಕರೆದುಕೊಂಡು ಹೋಗಿ ಆಸ್ಪತ್ರೆಯಲ್ಲಿ ಮಂಡಿಗೆ ಕರೆಂಟು ಕೊಡಿಸಬೇಕು. ಬೆಳಗ್ಗೆ ಏಳಕ್ಕೆ ಹೊರಟರೆ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ವಾಪಸು ಬರಬಹುದು. ರಸ್ತೆ ತುಂಬ ಮಂಜು, ಕೊರೆಯುವ ಚಳಿ. ಮುಂದಿನ ಸೀಟಿನಲ್ಲಿ ಸ್ವೆಟರು, ಶಾಲು, ಮಫ್ಲರು, ದಪ್ಪ ಶೂಗಳ ಒಳಗೆ ಎಲ್ಲೋ ಕೂತಿರುತ್ತಿದ್ದ ಅತ್ತೆ, "ಅಳಿಯಂದ್ರೇ, ಮಂಡಿ ಸೆಳೀತದೆ, ಆ ಬಿಸಿ ಗಾಳಿ ಸ್ವಲ್ಪ ಬಿಡಿ" ಎನ್ನುವರು. ಮೇಷ್ಟರು ಹೀಟರ್ ತಿರುಗಿಸುವರು. (ಒಬ್ಬರೇ ಹೋಗುವಾಗ ಅವರು ಅದನ್ನು ಮುಟ್ಟಿದವರೇ ಅಲ್ಲ. ಹೀಟರ್ ಹಾಕಿದರೆ ನಿದ್ದೆ ಬರುತ್ತದೆಂದು ಅವರ ನಂಬಿಕೆ.)

ಮೊದಲ ಮಂಗಳವಾರ ಮನೆಗೆ ಬಂದು ನೋಡಿದರೆ ಅತ್ತೆಯವರ ಕಾಲಡಿಯ ಮ್ಯಾಟು ಒದ್ದೆ. ನೀರಿನ ಬಾಟಲಿ ಚೆಲ್ಲಿರಬೇಕೆಂದುಕೊಂಡರು. ಗುರುವಾರ ಮತ್ತೆ ಒದ್ದೆ. ಬೆರಳಿಟ್ಟರೆ ಕೊಂಚ ಅಂಟು, ಮೂಸಿದರೆ ಸಿಹಿ ವಾಸನೆ. ಶುಕ್ರವಾರ ಆಫೀಸು ಕೆಲಸಕ್ಕೆ ತಾವೊಬ್ಬರೇ ಹೊಸಕೋಟೆಗೆ ಹೋಗಿಬಂದರು. ಹೊಸದಾಗಿ ತೇವವೇ ಇಲ್ಲ. ಶನಿವಾರ ಅತ್ತೆ ಕೂತರು. ಒದ್ದೆ.

ಪ್ರಯೋಗ, ವೀಕ್ಷಣೆ, ತೀರ್ಮಾನ. ವಿಜ್ಞಾನ ತಮ್ಮನ್ನು ಇಷ್ಟು ಮುಜುಗರದ ಜಾಗಕ್ಕೆ ತಂದು ನಿಲ್ಲಿಸೀತೆಂದು ಮೇಷ್ಟರು ಎಣಿಸಿರಲಿಲ್ಲ. ಎಪ್ಪತ್ತೊಂದು ವರ್ಷದ ಹೆಂಗಸು, ಆಗುವುದೇ. ಆದರೆ ಆ ಸಿಹಿ ವಾಸನೆ?

ಹೆಂಡತಿ ಮಮತ ಊರಿನ ಹಾಲಿನ ಸೊಸೈಟಿಯ ಕಾರ್ಯದರ್ಶಿ. ಅವಳು ಅಡುಗೆಮನೆಯಲ್ಲಿದ್ದಾಗ ಮೇಷ್ಟರು ಹೋಗಿ ಬಾಗಿಲಿಗೆ ಒರಗಿದರು.

"ಮಮತ, ನಿಮ್ಮಮ್ಮಂಗೆ ಶುಗರ್ ಇದೆಯೇನೇ?"

"ಇಲ್ಲಪ್ಪ. ಯಾಕೆ?"

"ಸುಮ್ನೆ ಕೇಳ್ದೆ."

"ನೀವು ಸುಮ್ನೆ ಕೇಳೋರಲ್ಲ. ಏನಾಯ್ತು ಹೇಳಿ."

"ಕಾರಲ್ಲಿ, ಅವರು ಕೂತ್ಕೊಳ್ಳೋ ಕಡೆ, ಒಂಥರಾ ತೇವ."

"ತೇವ ಅಂದ್ರೆ?"

"ತೇವ ಅಂದ್ರೆ ತೇವ ಕಣೇ. ಸಿಹಿ ವಾಸನೆ ತೇವ."

ಮಮತ ಸೌಟು ಕೆಳಗಿಟ್ಟಳು. "ನಮ್ಮಮ್ಮನ ಮೇಲೆ ಇಂಥ ಮಾತಾಡಕ್ಕೆ ನಾಚಿಕೆ ಆಗಲ್ವಾ ನಿಮಗೆ? ನಿಮ್ಮ ಡಬ್ಬಾ ಕಾರೇ ಸೋರಿರತ್ತೆ."

"ಕಾರು ಸೋರಿದ್ರೆ ರಸ್ತೆಗೆ ಸೋರ್ಬೇಕು. ಒಳಗಡೆ ಯಾಕೆ ಸೋರತ್ತೆ? ನಾನು ಸೈನ್ಸ್ ಮೇಷ್ಟ್ರು."

ಮಮತ ದಡದಡ ಆಚೆ ಹೋದಳು. ದಿನಾ ನೂರು ಮನೆಯ ಹಾಲು ಮೂಸಿ ಕೆಟ್ಟದ್ದು ಯಾವುದೆಂದು ಹೇಳುವ ಮೂಗು ಅವಳದು. ಅದರ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ. ಕಾರಿನ ಮ್ಯಾಟಿಗೆ ಬಗ್ಗಿ ಮೂಸಿದಳು. ಒಳಗೆ ಬಂದು ಸ್ಟೂಲಿನ ಮೇಲೆ ಕುಸಿದಳು.

"ಹೌದು ಕಣ್ರೀ. ಅಮ್ಮಂಗೆ ಮಾತ್ರ ಗೊತ್ತಾಗ್ಬಾರ್ದು. ಗೊತ್ತಾದ್ರೆ ಇವತ್ತೇ ಊರಿಗೆ ಹೊರಟುಬಿಡ್ತಾಳೆ."

ಅಂದಿನಿಂದ ಗುಪ್ತ ಕಾರ್ಯಾಚರಣೆ. ಮುಂದಿನ ಸೀಟಿನ ಮೇಲೆ ಖಾಲಿ ಗೊಬ್ಬರದ ಚೀಲ, ಅದರ ಮೇಲೆ ಹೂವಿನ ಬೆಡ್‌ಶೀಟು. ಬೆಳಗಿನ ಕಾಫಿ ಅರ್ಧ ಲೋಟಕ್ಕಿಳಿಯಿತು. "ಯಾಕೆ ಇಷ್ಟೇ?" ಎಂದು ಅತ್ತೆ ಕೇಳಿದಾಗ ಹಾಲಿನ ಸೊಸೈಟಿಯ ಕಾರ್ಯದರ್ಶಿ ತಲೆ ಎತ್ತದೆ, "ಹಾಲು ಕಮ್ಮಿ ಆಗಿದೆಯಮ್ಮ" ಎಂದಳು.

ದಾರಿಯಲ್ಲಿ ನಿಲ್ಲಿಸುವುದು ಮೇಷ್ಟರ ಪಾಲಿನ ಕೆಲಸ. ಪೆಟ್ರೋಲ್ ಬಂಕ್ ಬಂದರೆ ಕಾರು ನಿಲ್ಲುತ್ತಿತ್ತು.

"ಅತ್ತೆ, ಇಳೀತೀರಾ?"

"ಯಾಕೆ?"

"ಕಾಲು ಸಡಿಲ ಆಗ್ಲಿ ಅಂತ."

"ಮಂಡಿ ನೋವಿರೋಳನ್ನ ಇಳಿ ಇಳಿ ಅಂತೀರಲ್ಲ. ನೀವು ಹೋಗ್ಬನ್ನಿ, ನಾನು ಕೂತಿರ್ತೀನಿ."

ನಿಲ್ಲಿಸಿದ ಮೇಲೆ ಯಾರಾದರೂ ಇಳಿಯಬೇಕಲ್ಲ. ಮೇಷ್ಟರೇ ಇಳಿದು, ಆಚೆ ಹೋಗಿ, ಸ್ವಲ್ಪ ಹೊತ್ತು ನಿಂತು ಬರುವರು. ಮುಂದೆ ಹೋಟೆಲಿನ ಹತ್ತಿರ ಇನ್ನೊಮ್ಮೆ. ಹೊಸಕೋಟೆಯ ಹೊರಗೆ ಮತ್ತೊಮ್ಮೆ. ಇಷ್ಟಾದರೂ ಮ್ಯಾಟು ಒದ್ದೆ. ಕುಡಿದದ್ದು ಅರ್ಧ ಲೋಟ, ಮ್ಯಾಟು ಹಿಂಡಿದರೆ ಒಂದು ಲೋಟ. ಮೇಷ್ಟರಿಗೆ ಈಗ ವಿಜ್ಞಾನದ ಮೇಲೆಯೇ ಅನುಮಾನ ಬರತೊಡಗಿತು.

ಎರಡನೆಯ ವಾರ ಅತ್ತೆ ಮಗಳನ್ನು ಪಕ್ಕಕ್ಕೆ ಕರೆದರು. "ನಿನ್ ಗಂಡನ್ನ ಡಾಕ್ಟ್ರಿಗೆ ತೋರ್ಸು ಮಮತ. ಇಷ್ಟು ದೂರಕ್ಕೆ ಮೂರು ಸಲ ಇಳೀತಾರೆ, ಪಾಪ. ಸಂಕೋಚಕ್ಕೆ ನನ್ನೂ ಕರೀತಾರೆ. ಶುಗರೇ ಇರ್ಬೇಕು."

ಮಮತಳಿಗೆ ಇದು ತಾನಾಗಿ ಬಂದ ಅವಕಾಶ. "ಅವರೊಬ್ಬರೇ ಅಂದ್ರೆ ರಕ್ತ ಕೊಡಲ್ಲಮ್ಮ. ನೀನೂ ಕೊಡು, ಆಗ ಅವರೂ ಕೊಡ್ತಾರೆ" ಎಂದು ತಾಯಿಗೆ ಹೇಳಿದಳು. ಗಂಡನಿಗೂ ಅದನ್ನೇ ತಿರುಗಿಸಿ ಹೇಳಿದಳು. ಹಾಗೆ, ಮರುದಿನ ಬೆಳಗ್ಗೆ ಅಳಿಯ ಅತ್ತೆ ಇಬ್ಬರೂ ಖಾಲಿ ಹೊಟ್ಟೆಯಲ್ಲಿ, ಪರೀಕ್ಷೆಗೆ ಒಬ್ಬರನ್ನೊಬ್ಬರು ಕರೆದುಕೊಂಡು ಹೊರಟರು.

ಆವತ್ತು ಚಳಿ ಹೆಚ್ಚು, ಹೀಟರೂ ಹೆಚ್ಚು. ಹೊಸಕೋಟೆ ಹತ್ತಿರ ಬರುವಷ್ಟರಲ್ಲಿ ಮುಂದಿನ ಗಾಜು ಒಳಗಿನಿಂದ ಹಬೆಗಟ್ಟಿತು. ಅತ್ತೆ ಸೆರಗಿನಿಂದ ಒರೆಸಿದಷ್ಟೂ ಮತ್ತೆ ಕಟ್ಟಿತು. ಬಿಸಿ ತೋರಿಸುವ ಮುಳ್ಳು ಕೆಂಪಿಗೇರಿತು, ಬಾನೆಟಿನಿಂದ ಬಿಳಿ ಹೊಗೆ ಎದ್ದಿತು. ಕಾರು ರಿಜ್ವಾನ್ ಎಂಬಾತನ ಗ್ಯಾರೇಜಿನ ಎದುರಿಗೆ ಉಸಿರು ಬಿಟ್ಟು ನಿಂತಿತು.

ರಿಜ್ವಾನ್ ಬಾನೆಟ್ ಎತ್ತಿ ನೋಡಿದ. ಆಮೇಲೆ ಎಡಬಾಗಿಲು ತೆಗೆದು, ನೇರವಾಗಿ ಆ ಮ್ಯಾಟಿಗೇ ಕೈಹಾಕಿದ. ಮೇಷ್ಟರು ಅವನ ತೋಳು ಹಿಡಿಯಲು ನುಗ್ಗಿದರು.

"ಬೇಡ ಬೇಡ, ಅದನ್ನ ಮುಟ್ಬೇಡಿ."

ಅವನಾಗಲೇ ಬೆರಳು ಮೂಸಿದ್ದ. "ಕೂಲೆಂಟು ಸಾರ್. ನೀವು ನೀರು ಹಾಕಿ ಹಾಕಿ ಬಣ್ಣ ಹೋಗಿದೆ, ವಾಸನೆ ಉಳ್ಕೊಂಡಿದೆ. ಡ್ಯಾಶ್‌ಬೋರ್ಡ್ ಹಿಂದೆ ಹೀಟರ್ ಕಾಯಿಲ್ ಇರತ್ತೆ. ಇಂಜಿನ್ ಬಿಸಿನೀರು ಅದರೊಳಗೆ ಓಡಿದ್ರೇನೇ ಬಿಸಿ ಗಾಳಿ ಬರೋದು. ಅದು ತೂತಾಗಿದೆ. ನೀವು ಹೀಟರ್ ಹಾಕಿದಾಗೆಲ್ಲ ಅಮ್ಮನ ಕಾಲಡಿಗೆ ಸೋರಿದೆ. ಎಷ್ಟು ದಿನದಿಂದ?"

"ಎರಡು ವಾರ."

"ಎರಡು ವಾರ ಏನಂದ್ಕೊಂಡಿದ್ರಿ ಸಾರ್? ಸೀಟು ಒಣಗಿದೆ, ಕೆಳಗೆ ಮಾತ್ರ ಒದ್ದೆ."

ಸೀಟನ್ನು ಮುಟ್ಟಿ ನೋಡಬೇಕೆಂದು ಇಷ್ಟು ದಿನ ಮೇಷ್ಟರಿಗೆ ಹೊಳೆದೇ ಇರಲಿಲ್ಲ. ಬಾಗಿಲ ಬಳಿ ನಿಂತಿದ್ದ ಅತ್ತೆ ಬೆಡ್‌ಶೀಟಿನ ಅಂಚು ಎತ್ತಿ ಗೊಬ್ಬರದ ಚೀಲ ನೋಡಿದರು. ಆಮೇಲೆ ಅಳಿಯನನ್ನು ನೋಡಿದರು.

"ಹಾಲು ಕಮ್ಮಿ ಆಗಿದೆ ಅಂತಿದ್ಲು ಮಮತ" ಎಂದರು ಮೆಲ್ಲಗೆ.

ರಿಜ್ವಾನ್ ಹೀಟರಿಗೆ ಹೋಗುವ ಪೈಪುಗಳನ್ನು ಅಲ್ಲಿಂದ ಬಿಡಿಸಿ ಒಂದಕ್ಕೊಂದು ಜೋಡಿಸಿದ. ಹೊಸ ಕಾಯಿಲ್ ಬರುವ ತನಕ ಬಿಸಿ ಗಾಳಿ ಇಲ್ಲ, ಸೋರುವುದೂ ಇಲ್ಲ. ಮೇಷ್ಟರು ಮನೆ ಕಡೆ ತಿರುಗಿಸಲು ನೋಡಿದರು.

"ಇನ್ಯಾಕೆ ಅತ್ತೆ ಲ್ಯಾಬು, ಗೊತ್ತಾಯ್ತಲ್ಲ."

"ಹೊಟ್ಟೆ ಖಾಲಿ ಇಟ್ಕೊಂಡು ಬಂದಿದೀವಿ ಅಳಿಯಂದ್ರೇ. ಇಬ್ರೂ ಕೊಟ್ಟೇ ಹೋಗೋಣ."

ಅತ್ತೆಯವರ ಶುಗರ್ ತೊಂಬತ್ತನಾಲ್ಕು. ಮೇಷ್ಟರದು ಇನ್ನೂರ ಹನ್ನೆರಡು. ಲ್ಯಾಬಿನ ಹುಡುಗಿ ಪವಿತ್ರ, ಹೆಸರುಗಳು ಅದಲುಬದಲಾಗಿವೆಯೇನೋ ಎಂದು ಮತ್ತೊಮ್ಮೆ ನೋಡಿದಳು. ಆಗಿರಲಿಲ್ಲ. ಪಕ್ಕದ ಡಾಕ್ಟರು ಮೇಷ್ಟರಿಗೆ ಮಾತ್ರೆ ಕೊಟ್ಟರು.

ವಾಪಸು ಬರುವಾಗ ಅತ್ತೆ ಶಾಲು ಬಿಗಿಯಾಗಿ ಹೊದ್ದು, ಮೊಬೈಲು ತೆಗೆದು ನಂದಗುಡಿಯ ಮಗನಿಗೆ ಫೋನು ಮಾಡಿದರು.

"ಕೆಂಪರಾಜು, ಸಂಕ್ರಾಂತಿಗೆ ನಾನು ಬರಲ್ಲ ಕಣೋ. ಯುಗಾದಿವರೆಗೂ ಇಲ್ಲೇ ಇರ್ತೀನಿ. ನಂಗೇನೂ ಇಲ್ಲ, ಗುಂಡುಕಲ್ಲಿನಂಗಿದೀನಿ. ಅಳಿಯಂದ್ರಿಗೇ. ಏನು ಅಂತ ಹೆಂಗೋ ಹೇಳ್ಲಿ? ದಾರೀಲಿ ಮೂರು ಕಡೆ ಕಾರು ನಿಲ್ಲಿಸ್ಬೇಕು ಅವರಿಗೆ. ಸೀಟಿಗೆ ಗೊಬ್ಬರದ ಚೀಲ ಬೇರೆ ಹಾಸಿಟ್ಕೊಂಡಿದಾರೆ, ಪಾಪ. ಯಾರಿಗೂ ಹೇಳ್ಬೇಡ. ನಿನ್ ಹೆಂಡ್ತಿಗೆ ಮಾತ್ರ ಹೇಳು."

ಮೇಷ್ಟರು ನಿಜ ಹೇಳಲು ಬಾಯಿ ತೆರೆದರು. ಹೇಳಬೇಕಾದರೆ ಆ ಚೀಲವನ್ನು ಯಾರಿಗೆಂದು, ಯಾಕೆ ಹಾಸಿದೆನೆಂಬುದರಿಂದ ಶುರುಮಾಡಬೇಕಿತ್ತು. ಅತ್ತೆ ಸ್ಪೀಕರ್ ಹಾಕಿ ಫೋನನ್ನು ಅವರ ಬಾಯಿಯ ಹತ್ತಿರವೇ ಹಿಡಿದು, ಕಾಯುತ್ತಿದ್ದರು.

"ಆರಾಮಿದೀರಾ ಭಾವ?" ಎಂದ ಕೆಂಪರಾಜು, ಸಾವಿನ ಮನೆಯಲ್ಲಿ ಮಾತಾಡುವವನಂತೆ ತಗ್ಗಿದ ದನಿಯಲ್ಲಿ.

"ಹೂಂ," ಎಂದರು ಮೇಷ್ಟರು. "ಮಾತ್ರೆ ಕೊಟ್ಟಿದಾರೆ."