ಪ್ರೆಸ್ ಕೈಪಿಡಿಗೆ ಅಕ್ಷರ ಆರಿಸಿದ್ದು

ಪುಸ್ತಕಗಳ ಪುಟ ಜೋಡಿಸುತ್ತ ನನ್ನ ತಲೆ ನರೆತಿದೆ. ಬೇರೆಲ್ಲ ವಿಷಯಕ್ಕೂ ಸುಮ್ಮನಿರುವವರು ಫಾಂಟ್ ಎಂದ ಕೂಡಲೇ ಬಾಯಿ ತೆರೆಯುತ್ತಾರೆ. ಇದು ನಿಲ್ಲುವ ಹಾಗೆ ಕಾಣುವುದಿಲ್ಲ.

ಈ ಸಲ ಬೊಮ್ಮಸಂದ್ರದ ಒಂದು ಕಾರ್ಖಾನೆ. ತಗಡು ಒತ್ತುವ ಪವರ್ ಪ್ರೆಸ್ ನಡೆಸುವವರಿಗೆ ಕೈಪಿಡಿ ಬೇಕಿತ್ತು. ಹಳೆಯದರಲ್ಲಿ ಅಕ್ಷರ ಎಳ್ಳುಕಾಳಿನಷ್ಟು. 'ಪ್ರೆಸ್ ನಿಲ್ಲಿಸದೆ ಒಳಗೆ ಕೈ ಹಾಕಬೇಡಿ' ಎಂಬ ಸಾಲು ಅದರಲ್ಲೆಲ್ಲೋ ಹೂತುಹೋಗಿತ್ತು. ಹಿರಿಯ ಆಪರೇಟರ್ ಒಬ್ಬರು ಕೈ ಹಾಕಿದ್ದರು. ಪುಣ್ಯಕ್ಕೆ ಗ್ಲೌಸಿನ ತುದಿ ಮಾತ್ರ ಹೋಯಿತು. ಆ ಸಾಲನ್ನು ಅವರು ಕನ್ನಡಕವಿಲ್ಲದೆ ಓದುವಂತಾಗಬೇಕು. ನನಗೆ ಬೇಕಾಗಿದ್ದು ಅಷ್ಟೇ.

ಮದುವೆ ಅಕ್ಷರ

ಮಾಲೀಕರಿಗೆ ಮಾದರಿಗಳನ್ನು ತೋರಿಸಿದೆ. ಅವರು ಅವನ್ನು ಪಕ್ಕಕ್ಕಿಟ್ಟು, ಡ್ರಾಯರಿನಿಂದ ಮಗಳ ಮದುವೆಯ ಕಾರ್ಡ್ ತೆಗೆದರು. ಬಳ್ಳಿಯಂತೆ ಸುತ್ತಿಕೊಂಡ ಅಕ್ಷರ.

"ಹೆಡ್ಡಿಂಗ್‌ಗೆ ಇದನ್ನ ಹಾಕ್ರಿ. ನೋಡಿದೋರೆಲ್ಲ ಹೊಗಳಿದ್ರು."

"ಇದು ಅಪಾಯದ ಎಚ್ಚರಿಕೆ ಸಾರ್."

"ಅದಕ್ಕೇ ಕಣ್ರೀ. ಸ್ವಲ್ಪ ಪ್ರೀತಿಯಿಂದ ಹೇಳೋಣ."

ವಾದಿಸಲು ಶಕ್ತಿ ಇರಲಿಲ್ಲ. 'ಕೈ ಸಿಕ್ಕಿಕೊಂಡರೆ' ಎಂಬ ಶೀರ್ಷಿಕೆಯನ್ನು ಆ ಅಕ್ಷರದಲ್ಲೇ ಮಾಡಿ ತಂದೆ. ಮಾಲೀಕರು ನೋಡಿ ಹಾಳೆಯನ್ನು ಹಿಂದಕ್ಕೆ ಕೊಟ್ಟರು.

"ಬೇಡ ಬಿಡ್ರಿ. ಇದನ್ನ ನೋಡಿ ಊಟ ಎಲ್ಲಿ ಅಂತ ಕೇಳ್ತಾರೆ."

ನೆರಳು

ಕಾರ್ಮಿಕರ ಪರವಾಗಿ ಬಂದವರು ಕಾರ್ಖಾನೆಯ ರಾಜ್ಯೋತ್ಸವ ಸಮಿತಿಯ ಕಾರ್ಯದರ್ಶಿ. ವರ್ಷವರ್ಷ ಫ್ಲೆಕ್ಸ್ ಮಾಡಿಸಿ ಪಳಗಿದ ಕಣ್ಣು.

"ಅಕ್ಷರ ಸಪ್ಪೆ ಸಾರ್, ಗತ್ತೇ ಇಲ್ಲ. ಹಳದಿ ತುಂಬಿ, ಕೆಂಪು ಬಾರ್ಡರ್ ಕೊಟ್ಟು, ಹಿಂದೊಂದು ನೆರಳು ಬಿಡಿ. ಸಕ್ಕತ್ತಾಗಿರುತ್ತೆ."

"ಸರಿ, ಹೆಡ್ಡಿಂಗ್ ಆಯ್ತು. ಒಳಗಿನ ಬರಹಕ್ಕೆ?"

ಅವರು ಯೋಚಿಸಿದರು. ಸಮತೋಲನ ಬಲ್ಲ ಮನುಷ್ಯ.

"ಅದಕ್ಕೆ ಚಿಕ್ಕ ನೆರಳು ಸಾಕು."

ಒಪ್ಪಿಗೆ

ಕೊನೆಯ ಒಪ್ಪಿಗೆ, ಕಾರ್ಖಾನೆಯ ವೈಟ್‌ಫೀಲ್ಡ್ ಕಚೇರಿಯಲ್ಲಿ ಸುರಕ್ಷತೆಯ ಕೆಲಸ ನೋಡಿಕೊಳ್ಳುವ ಮೇಡಂ ಅವರದು. ಅವರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಫೈಲ್ ಕಳಿಸಿದ ಐದೇ ನಿಮಿಷಕ್ಕೆ ಉತ್ತರ ಬಂತು: ಅಪ್ರೂವ್ಡ್. ಜೊತೆಗೆ ಅವರ ಪರದೆಯ ಚಿತ್ರ. ಅವರ ಕಂಪ್ಯೂಟರಿನಲ್ಲಿ ನಮ್ಮ ಫಾಂಟ್ ಇರಲಿಲ್ಲ. ಪುಟದ ತುಂಬ ಸಾಲುಸಾಲಾಗಿ ಖಾಲಿ ಚೌಕಗಳು. ಫೋನ್ ಮಾಡಿದೆ.

"ಮೇಡಂ, ಅದರಲ್ಲಿ ಒಂದಕ್ಷರವೂ ಇಲ್ಲ. ಬರೀ ಡಬ್ಬಿಗಳು."

"ಹೌದಾ? ನಾನು ಅಂದ್ಕೊಂಡೆ, ಕನ್ನಡ ಕೊನೆಗೂ ಎಷ್ಟು ಕ್ಲೀನ್ ಆಗಿದೆ ಅಂತ." ಮತ್ತೆ ಅವರೇ ಕೇಳಿದರು, "ಅದನ್ನೇ ಇಟ್ಕೊಳ್ಳೋಕಾಗಲ್ವಾ ಸಾರ್?"

ಹಾರ

ಎಲ್ಲರೂ ಸುಸ್ತಾದ ಮೇಲೆ ನನ್ನ ಮಾತು ನಡೆಯಿತು. ಒಳಗೆ ದುಂಡನೆಯ ಸಾದಾ ಅಕ್ಷರ, ತೋಳುದ್ದ ದೂರ ಹಿಡಿದರೂ ಓದಬಹುದು. ಶೀರ್ಷಿಕೆಗೆ ಅದೇ ಅಕ್ಷರ, ಇನ್ನೂ ದಪ್ಪ. 'ಕೈ ಹಾಕಬೇಡಿ' ಎಂಬುದಕ್ಕೆ ಇಡೀ ಒಂದು ಪುಟ. ಆಯುಧಪೂಜೆಯ ದಿನ ಪ್ರತಿ ಪ್ರೆಸ್‌ಗೂ ಒಂದೊಂದು ಪ್ರತಿ ಕೊಟ್ಟರು.

ಕೆಲವು ದಿನ ಬಿಟ್ಟು ನೋಡಲು ಹೋದೆ. ಆ ಹಿರಿಯ ಆಪರೇಟರ್ ಅವರ ಪ್ರೆಸ್ ಪಕ್ಕದ ಗೋಡೆಯಲ್ಲಿ, ದೇವರ ಫೋಟೋದ ಜೊತೆ, ಕೈಪಿಡಿ ಪ್ಲಾಸ್ಟಿಕ್ ಕವರಿನೊಳಗೆ ಭದ್ರವಾಗಿ ಕೂತಿತ್ತು. ಅರಿಶಿನ, ಕುಂಕುಮ, ಒಣಗಿದ ಚೆಂಡುಹೂವಿನ ಹಾರ.

"ಅಣ್ಣ, ತೆಗೆದು ಓದಿದ್ರಾ? ಅಕ್ಷರ ಕಾಣುತ್ತಾ?"

"ಪೂಜೆ ಆಗಿರೋದು ಸಾರ್, ಗ್ರೀಸ್ ಕೈಲಿ ಮುಟ್ಟಕ್ಕಾಗುತ್ತಾ?"

"ಹಂಗಾದ್ರೆ ಒಳಗಿರೋದು ಗೊತ್ತಾಗೋದು ಹೇಗೆ?"

ಅವರು ನನ್ನ ಭುಜದ ಮೇಲೆ ಕೈಯಿಟ್ಟು ಸಮಾಧಾನ ಮಾಡಿದರು.

"ನೀವೇನೂ ಯೋಚ್ನೆ ಮಾಡ್ಬೇಡಿ ಸಾರ್. ದಿನಾ ಅದಕ್ಕೆ ಕೈ ಮುಗಿದೇ ನಾವು ಪ್ರೆಸ್ ಒಳಗೆ ಕೈ ಹಾಕೋದು."